ಗೋಲಿಯಷ್ಟು ಗಂಟಿಗೆ ನಿಂಬೆಯಷ್ಟು ಹಿಮ

ಅಂಟಾರ್ಕ್ಟಿಕಾದ ವೋಸ್ಟಾಕ್ ಕೇಂದ್ರದಲ್ಲಿ 1983ರ ಜುಲೈನಲ್ಲಿ ಉಷ್ಣಾಂಶ ಮೈನಸ್ 89.2 ಡಿಗ್ರಿಗೆ ಇಳಿದಿತ್ತು. ನೆಲದ ಮೇಲಿನ ಯಾವ ಹವಾಮಾನ ಕೇಂದ್ರವೂ ಅದಕ್ಕಿಂತ ಕಡುಚಳಿಯನ್ನು ಅಳೆದಿಲ್ಲ. ಸ್ತನ ಕ್ಯಾನ್ಸರಿನ ಗಂಟನ್ನು ಹೆಪ್ಪುಗಟ್ಟಿಸುವ ಸೂಜಿಯಲ್ಲಿ ದ್ರವ ಸಾರಜನಕ ಹರಿದಾಗ ಅದರ ತುದಿ ಇನ್ನೂ 80 ಡಿಗ್ರಿ ಕೆಳಗಿಳಿದು ಮೈನಸ್ 170ರ ಹತ್ತಿರ ನಿಲ್ಲುತ್ತದೆ. ಅದೂ 37 ಡಿಗ್ರಿ ಬಿಸುಪಿನ ಜೀವಂತ ಮೈಯೊಳಗೆ! ಚಿಕಿತ್ಸೆ ಪಡೆಯುವ ಮಹಿಳೆ ಎಚ್ಚರವಾಗಿಯೇ ಮಲಗಿರುತ್ತಾಳೆ. ಚರ್ಮ ಮರಗಟ್ಟಲು ಒಂದು ಚುಚ್ಚುಮದ್ದು ಕೊಡುತ್ತಾರೆ, ಒಳಗಿನ ನೋವನ್ನು ಚಳಿಯೇ ಅಡಗಿಸುತ್ತದೆ.

ಗಂಟು ಮಕ್ಕಳಾಡುವ ಗೋಲಿಯಷ್ಟು, ಹೆಚ್ಚೆಂದರೆ 1.5 ಸೆಂಟಿಮೀಟರ್. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ 10 ಕೋಟಿಯಿಂದ 100 ಕೋಟಿ ಜೀವಕೋಶಗಳಿರುತ್ತವೆ ಎಂಬ ಅಂದಾಜಿದೆ. ಒಂದೂ ಉಳಿಯಬಾರದು. ಆದರೆ ಹಿಮದುಂಡೆಯ ಹೊರ ಅಂಚಿನಲ್ಲಿರುವುದು ಬರೀ ಸೊನ್ನೆ ಡಿಗ್ರಿ. ಕೋಶ ಖಚಿತವಾಗಿ ಸಾಯಲು ಮೈನಸ್ 40ರ ಸುಮಾರಿನ ಚಳಿ ಬೇಕು. ಹಾಗಾಗಿ ಗಂಟಿನ ಸುತ್ತಲೂ 1 ಸೆಂಟಿಮೀಟರ್ ಹೆಚ್ಚಿಗೆ ಹಿಮ ಬೆಳೆಸಿದರೆ ಉಂಡೆ ನಿಂಬೆಹಣ್ಣಿನಷ್ಟಾಗುತ್ತದೆ. ಅಡ್ಡಳತೆ ಬೆಳೆದದ್ದು ಎರಡು ಪಟ್ಟು ಚಿಲ್ಲರೆ, ಗಾತ್ರವೋ 12 ಪಟ್ಟಿಗೂ ಮಿಗಿಲು. ಉಂಡೆಯ ನಡುವಿನ ಸೂಜಿಯಿಂದ ಅಂಚಿನವರೆಗಿನ ಒಂದೂಮುಕ್ಕಾಲು ಸೆಂಟಿಮೀಟರಿನಲ್ಲಿ, ಸರಾಸರಿ ಲೆಕ್ಕ ಹಾಕಿದರೆ, ಮಿಲಿಮೀಟರಿಗೆ ಸುಮಾರು 10 ಡಿಗ್ರಿಯಂತೆ ಚಳಿ ಬದಲಾಗುತ್ತದೆ. ನನ್ನನ್ನು ಬೆರಗಾಗಿಸುವ ಲೆಕ್ಕ ಇದೇ.

ಅಲ್ಟ್ರಾಸೌಂಡ್ ಪರದೆಯಲ್ಲಿ ಆ ಅಂಚು ಬೆಳ್ಳಗೆ ಬಿಲ್ಲಿನಂತೆ ಬಾಗಿ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು. ಬಿಲ್ಲು ಚರ್ಮದ ಕಡೆಗೆ ಏರುತ್ತಿದ್ದರೆ ವೈದ್ಯರು ನಡುವೆ ಸಲೈನ್ ಚುಚ್ಚಿ ಚರ್ಮವನ್ನು ಮೇಲೆತ್ತುತ್ತಾರೆ. ಕೆಲವೇ ಮಿಲಿಮೀಟರ್ ಉಪ್ಪುನೀರು ಚರ್ಮವನ್ನು ಕಾಯುತ್ತದೆ. ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುವುದು ಅರ್ಧ ಗಂಟೆ ಆಸುಪಾಸಿನ ಕೆಲಸ. ಕರಗುವಾಗ ನೀರು ಒಳನುಗ್ಗಿ ಕೋಶಗಳು ಒಡೆಯುತ್ತವೆ, ಅವಕ್ಕೆ ಅನ್ನ ಕೊಡುತ್ತಿದ್ದ ಸಣ್ಣ ರಕ್ತನಾಳಗಳೂ ಕಟ್ಟಿಕೊಳ್ಳುತ್ತವೆ.

1850ರ ಸುಮಾರಿಗೇ ಇಂಗ್ಲೆಂಡಿನ ವೈದ್ಯ ಜೇಮ್ಸ್ ಆರ್ನಾಟ್ ಮಂಜುಗಡ್ಡೆಗೆ ಉಪ್ಪು ಬೆರೆಸಿ ಸ್ತನದ ಗಡ್ಡೆಗಳಿಗೆ ಚಳಿ ತಾಗಿಸಿದ್ದರು. ಅವರ ಕೈಗೆ ದಕ್ಕಿದ್ದು ಮೈನಸ್ 20ರ ಆಸುಪಾಸು ಮಾತ್ರ.

ಅಮೆರಿಕದ ಐಸ್3 ಪ್ರಯೋಗದಲ್ಲಿ 60 ವರ್ಷ ದಾಟಿದ, ಕಡಿಮೆ ಅಪಾಯದ ಗಂಟಿದ್ದ 194 ಮಹಿಳೆಯರಿಗೆ ಗಂಟು ಕತ್ತರಿಸದೆ ದ್ರವ ಸಾರಜನಕದ ಸೂಜಿಯ ಚಿಕಿತ್ಸೆ ಕೊಟ್ಟರು. ಐದು ವರ್ಷಗಳಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ ಪ್ರಮಾಣ ಶೇ. 4.3. 2025ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 70 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ ಇಂಥ ರೋಗಿಗಳಿಗೆ, ಹಾರ್ಮೋನ್ ತಡೆಯುವ ಮಾತ್ರೆಗಳ ಜೊತೆಗೆ, ಈ ಚಿಕಿತ್ಸೆ ಕೊಡಲು ಅನುಮತಿ ಕೊಟ್ಟಿತು. ಅಧ್ಯಯನ ಮುಂದುವರಿಸಬೇಕೆಂಬ ಷರತ್ತೂ ಇದೆ. 2022ರಲ್ಲಿ ಜಗತ್ತಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದದ್ದು ಸುಮಾರು 23 ಲಕ್ಷ ಮಹಿಳೆಯರಲ್ಲಿ. ಅವರಲ್ಲಿ ಗಂಟು ಇನ್ನೂ ಗೋಲಿಯಷ್ಟಿರುವಾಗಲೇ ಕಂಡುಕೊಂಡವರಿಗೆ ಮಾತ್ರ ಈ ಸೂಜಿ.