ಜಿಮ್‌ಗೆ ಸೇರಿ ತಿಂಗಳಾಯ್ತು, ತೋಳು ಯಾಕೆ ಇನ್ನೂ ಹಂಗೇ ಇದೆ?

ಹೊಸದಾಗಿ ಜಿಮ್‌ಗೆ ಸೇರಿದ ಕೆಲವರು ಒಂದೆರಡು ತಿಂಗಳಲ್ಲೇ ಬಿಟ್ಟುಬಿಡುತ್ತಾರೆ. ಕನ್ನಡಿಯಲ್ಲಿ ವ್ಯತ್ಯಾಸ ಕಾಣಲ್ಲ ಅನ್ನೋದೇ ಕಾರಣ. ಇನ್ನು ಕೆಲವರು ಬೇಗ ಬಾಡಿ ಬರಲಿ ಅಂತ ಇಂಜೆಕ್ಷನ್ ಮೊರೆ ಹೋಗುತ್ತಾರೆ. ಸ್ನಾಯು ಹೇಗೆ ಬೆಳೆಯುತ್ತೆ ಅಂತ ಗೊತ್ತಿದ್ದರೆ ಈ ಎರಡೂ ತಪ್ಪು ಆಗಲ್ಲ.

ಮೊದಲು ಕಲಿಯೋದು ನರ

5 ಕೆ.ಜಿ. ಡಂಬೆಲ್ ಎತ್ತುತ್ತಿದ್ದವರು ಕೆಲವೇ ವಾರಗಳಲ್ಲಿ 7-8 ಕೆ.ಜಿ. ಎತ್ತಬಹುದು. ತೋಳಿನ ಅಳತೆ ಮಾತ್ರ ಅಷ್ಟೇ ಇರುತ್ತೆ. ಈ ಹಂತದಲ್ಲಿ ಹೆಚ್ಚೋ ಶಕ್ತಿ ಬಹುಪಾಲು ನರಗಳದ್ದು. ಇರುವ ಸ್ನಾಯುವಿನ ಎಳೆಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಒಟ್ಟಿಗೆ ಕೆಲಸಕ್ಕೆ ಹಚ್ಚೋದನ್ನು ಮೆದುಳು ಕಲಿಯುತ್ತೆ. ಗಾತ್ರ ಕಣ್ಣಿಗೆ ಕಾಣಲು ಸಾಮಾನ್ಯವಾಗಿ 2-3 ತಿಂಗಳು ಬೇಕು.

ದಪ್ಪ ಆಗೋದು ಎಳೆ

ಭಾರ ಎತ್ತಿದಾಗ ಎಳೆಗಳ ಮೇಲೆ ಬೀಳುವ ಸೆಳೆತವೇ ಬೆಳವಣಿಗೆಗೆ ಸೂಚನೆ. ಆಗ ಎಳೆಯೊಳಗೆ ಹೊಸ ಪ್ರೋಟೀನ್ ತಯಾರಾಗಿ ಸೇರುತ್ತಾ ಹೋಗುತ್ತೆ. ಎಳೆಗಳ ಸಂಖ್ಯೆ ಹೆಚ್ಚಾಗೋದಕ್ಕಿಂತ, ಇರುವ ಎಳೆಗಳೇ ದಪ್ಪ ಆಗುತ್ತವೆ. 1961ರಲ್ಲಿ ಪತ್ತೆಯಾದ 'ಸ್ಯಾಟಲೈಟ್ ಸೆಲ್' ಎಂಬ ಕೋಶಗಳು ಎಳೆಗಳ ರಿಪೇರಿಗೆ, ಬೆಳವಣಿಗೆಗೆ ಕೈಜೋಡಿಸುತ್ತವೆ.

ಈ ಕೆಲಸ ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ನಡೀತಾ ಇರುತ್ತೆ. ಹಾಗಾಗಿ ಊಟ, ನಿದ್ದೆ ಬಿಟ್ಟು ದಿನಾ ಅದೇ ಭಾಗಕ್ಕೆ ಕಸರತ್ತು ಕೊಟ್ಟರೆ ಲಾಭ ಕಡಿಮೆ. ಮೈಕೈ ನೋವು ಬಂದರೇನೇ ಬೆಳವಣಿಗೆ ಅನ್ನೋದೂ ಸರಿಯಲ್ಲ.

ಮೂಟೆ ಹೊತ್ತರೆ ಸಾಲದೇ?

ದಿನಾ 50 ಕೆ.ಜಿ. ಮೂಟೆ ಹೊರುವ ಹಮಾಲಿಯ ಮೈ ಗಟ್ಟಿಯಾಗುತ್ತೆ. ಆದರೆ ಅದೇ ಭಾರಕ್ಕೆ ದೇಹ ಒಗ್ಗಿದ ಮೇಲೆ ಸ್ನಾಯು ಮತ್ತಷ್ಟು ಬೆಳೆಯಲು ಕಾರಣ ಇರಲ್ಲ. ಭಾರ ಅಥವಾ ಎತ್ತುವ ಲೆಕ್ಕ ಹಂತಹಂತವಾಗಿ ಏರಬೇಕು. ಗರಡಿ ಮನೆಗಳಲ್ಲಿ ದಂಡ, ಬಸ್ಕಿ ಲೆಕ್ಕ ಏರಿಸುತ್ತಾ ಹೋಗೋದು, ಉತ್ತರ ಕರ್ನಾಟಕದಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಸಣ್ಣ ಕಲ್ಲಿನಿಂದ ಶುರು ಮಾಡೋದು ಇದಕ್ಕೇ.

ವಯಸ್ಸಾದವರಿಗೂ ಆಗುತ್ತೆ

ಗಲ್ಲಾಪೆಟ್ಟಿಗೆ ಮುಂದೆ ದಿನವಿಡೀ ಕೂರುವವರು ಗಮನಿಸಬೇಕಾದ ವಿಷಯ ಇದು. ವಯಸ್ಸಾದಂತೆ ಸ್ನಾಯು ಕರಗುತ್ತೆ, ಕಾಲಿನ ಬಲ ಕುಗ್ಗುತ್ತೆ, ಬೀಳುವ ಭಯ ಹೆಚ್ಚುತ್ತೆ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬೋಸ್ಟನ್‌ನ 90ರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಲಾಗಿತ್ತು. ಪೂರ್ತಿ ಮಾಡಿದ 9 ಮಂದಿಯ ಕಾಲಿನ ಬಲ ಸರಾಸರಿ 174% ಏರಿತು. ತೊಡೆಯ ಸ್ನಾಯು ಬೆಳೆದಿದ್ದು ಸುಮಾರು 9% ಮಾತ್ರ. ಗಾತ್ರಕ್ಕಿಂತ ಮೊದಲು ಬಲ ಬರುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ಏನು ಮಾಡಬೇಕು?

* ವಾರಕ್ಕೆ ಕನಿಷ್ಠ 2 ದಿನ ಬಲದ ವ್ಯಾಯಾಮ ಮಾಡಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜಿಮ್ ಇಲ್ಲದಿದ್ದರೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದರಿಂದಲೇ ಶುರು ಮಾಡಬಹುದು.
* ಪೌಡರ್ ಕಡ್ಡಾಯವಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬೇಳೆ, ಕಾಳು, ಹಾಲು, ಮೊಸರು, ಶೇಂಗಾ, ಮೀನು, ಕೋಳಿಯಲ್ಲೂ ಸಿಗುತ್ತೆ.
* ಸ್ಟೆರಾಯ್ಡ್ ಇಂಜೆಕ್ಷನ್ ಬೇಡವೇ ಬೇಡ. ಹೃದಯ, ಲಿವರ್‌ಗೆ ಪೆಟ್ಟು. ದೇಹ ತಾನೇ ಹಾರ್ಮೋನ್ ತಯಾರಿಸೋದು ಕುಗ್ಗಿ ಮಕ್ಕಳಾಗೋದಕ್ಕೂ ತೊಂದರೆ ಆಗಬಹುದು.
* ಬಿಪಿ, ಹೃದಯದ ತೊಂದರೆ, ಮಂಡಿನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿಯೇ ಭಾರ ಮುಟ್ಟಬೇಕು.

ಮೊದಲ ತಿಂಗಳು ಕನ್ನಡಿ ನೋಡೋದು ಬಿಟ್ಟು, ಎಷ್ಟು ಕೆ.ಜಿ., ಎಷ್ಟು ಸಲ ಎತ್ತಿದಿರಿ ಅಂತ ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಏರುತ್ತಿದ್ದರೆ ಕೆಲಸ ಸರಿಯಾಗೇ ನಡೀತಿದೆ ಎಂದರ್ಥ.