ಮಂದೆಯ ನಾಯಿ ಮತ್ತು ನಮ್ಮ ಹೊಣೆ



ಕಳೆದ ಜುಮಾ ಖುತ್ಬಾದಲ್ಲಿ ಮೂಕಪ್ರಾಣಿಗಳ ಹಕ್ಕಿನ ಬಗ್ಗೆ ಹೇಳುವಾಗ ನಾಯಿಯ ಮಾತು ಬಂತು. ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: “ಮೌಲಾನಾ, ನಾಯಿ ಮುಟ್ಟಿ ಬಂದ ಹುಡುಗರು ನಮ್ಮ ಪಕ್ಕದ ಸಫ್‌ನಲ್ಲಿ ನಿಲ್ಲಬಹುದೇ?” ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಜಮಾಅತ್‌ನ ನಾಲ್ಕೈದು ಯುವಕರು ಮಂದೆ ಬಿಟ್ಟುಹೋದ ನಾಯಿಗಳನ್ನು ಎತ್ತಿ ತಂದು, ಔಷಧ ಮಾಡಿಸಿ, ಬೇಕಾದವರಿಗೆ ಒಪ್ಪಿಸುತ್ತಿದ್ದಾರೆ. ಅವರಲ್ಲಿ ಒಬ್ಬನಿಗೆ ಮನೆಯಲ್ಲಿ ಊಟದ ತಟ್ಟೆಯನ್ನೇ ಬೇರೆ ಮಾಡಿದ್ದಾರೆಂದು ಕೇಳಿದೆ. ಹಾಗಾಗಿ ಖುತ್ಬಾದಲ್ಲಿ ಹೇಳಲು ಸಮಯ ಸಾಲದ ಮಸ್‌ಅಲಾಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಚಿಕ್ಕಜಾಜೂರಿನ ಸುತ್ತ ಕುರಿಮಂದೆ ನೋಡದವರು ಯಾರೂ ಇಲ್ಲ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ರೈತರು ಮಂದೆಯನ್ನು ತಂಗಿಸಿಕೊಳ್ಳುತ್ತಾರೆ. ಕುರಿಗಾಹಿ ಬಲೆ ಕಟ್ಟಿ ಮಲಗುತ್ತಾನೆ, ನಾಯಿ ಮಲಗುವುದಿಲ್ಲ. ವಿದೇಶದ ಕೋಲಿ ನಾಯಿಗಳ ಹಾಗೆ ಕುರಿಗಳನ್ನು ಅಟ್ಟಿಸಿ ಒಂದೆಡೆ ಸೇರಿಸುವುದು ನಮ್ಮ ಕಡೆಯ ನಾಯಿಯ ಮುಖ್ಯ ಕೆಲಸವಲ್ಲ. ತೋಳ, ಚಿರತೆ, ಕಳ್ಳ ಹತ್ತಿರ ಬಂದರೆ ಬೊಗಳಿ ಎಬ್ಬಿಸುವುದು, ಅಡ್ಡ ನಿಲ್ಲುವುದು ಅದರ ಕೆಲಸ. ಇಂಥ ನಾಯಿಗೆ ಕಾಲು ಮುರಿದರೆ, ವಯಸ್ಸಾದರೆ, ಮಂದೆ ಮುಂದಿನ ಊರಿಗೆ ಹೊರಟಾಗ ಅದು ಹಿಂದೆ ಉಳಿಯುತ್ತದೆ. ಮಂದೆಯನ್ನೇ ಮಾರಿದಾಗಲೂ ಹಾಗೆಯೇ. ನಮ್ಮದು ಜಂಕ್ಷನ್ ಊರು, ಚಿತ್ರದುರ್ಗ, ರಾಯದುರ್ಗದ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ಮಂದೆ ಹುಡುಕುತ್ತ ಅಲೆಯುವ ನಾಯಿಗೆ ಆ ಹಳಿಯೂ ಒಂದು ಅಪಾಯ.

ಇನ್ನೊಂದು ಬಗೆಯದು ಅಲ್ಸೇಷಿಯನ್, ಅಂದರೆ ಜರ್ಮನ್ ಶೆಫರ್ಡ್. ಅಡಿಕೆ ತೋಟದ ಕಾವಲಿಗೆಂದು, ಇಲ್ಲವೇ ಬರೀ ಗತ್ತಿಗೆಂದು ಕೊಂಡವರು ಖರ್ಚು ನೋಡಿ ರಸ್ತೆಗೆ ಬಿಡುತ್ತಾರೆ. ಹೆಸರೇ ಹೇಳುವಂತೆ ಅದೂ ಕುರಿಗಾಹಿಯ ನಾಯಿಯೇ. ಜರ್ಮನಿಯಲ್ಲಿ ಮಂದೆ ಕಾಯುತ್ತಿದ್ದ ನಾಯಿಗಳಿಂದ 1899ರಲ್ಲಿ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಆ ತಳಿಯನ್ನು ನೆಲೆಗೊಳಿಸಿದ. ದಿನವಿಡೀ ಓಡಲು ಹುಟ್ಟಿದ ಪ್ರಾಣಿಯನ್ನು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದು ಕೆರಳದೆ ಏನು ಮಾಡೀತು? ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಸಂಸ್ಥೆ ಹೀಗೆ ಬೀದಿಗೆ ಬಿದ್ದ ತಳಿನಾಯಿಗಳಿಗೆಂದೇ ‘ಸೆಕೆಂಡ್ ಚಾನ್ಸ್’ ಎಂಬ ಕೇಂದ್ರ ನಡೆಸಿ, ಹೊಸ ಮನೆ ಹುಡುಕಿಕೊಡುತ್ತ ಬಂದಿದೆ. ನಮ್ಮ ಹುಡುಗರು ಮಾಡುತ್ತಿರುವುದು ಅದರ ಸಣ್ಣ ರೂಪ.

ಈಗ ದೀನಿನ ಮಾತು. ಕಾರಣವಿಲ್ಲದೆ ನಾಯಿ ಸಾಕುವವರ ಪುಣ್ಯದಿಂದ ಪ್ರತಿದಿನ ಒಂದು ಕೀರಾತ್ ಕಡಿಮೆಯಾಗುತ್ತದೆ, ಇನ್ನೊಂದು ವರದಿಯಲ್ಲಿ ಎರಡು, ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ಹದೀಸ್‌ನಲ್ಲಿರುವ ವಿನಾಯಿತಿಯನ್ನು ಮಾತ್ರ ಅರ್ಧಕ್ಕೇ ನುಂಗುತ್ತಾರೆ: ಜಾನುವಾರು ಕಾಯುವ ನಾಯಿ, ಬೇಟೆಯ ನಾಯಿ, ಹೊಲ ಕಾಯುವ ನಾಯಿ ಇದಕ್ಕೆ ಹೊರತು. ಬೇಟೆನಾಯಿ ಹಿಡಿದು ತಂದದ್ದನ್ನು ತಿನ್ನುವ ನಿಯಮ ಸೂರಾ ಮಾಇದಾದ 4ನೇ ಆಯತ್‌ನಲ್ಲೇ ಇದೆ. ಸೂರಾ ಕಹ್ಫ್‌ನಲ್ಲಿ ಗುಹೆಯ ಯುವಕರ ಜೊತೆ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಅಲ್ಲಾಹನು ಹೆಸರಿಸಿದ್ದಾನೆ. ಅವರು ಎಷ್ಟು ಮಂದಿ ಎಂಬ ಜನರ ತರ್ಕವನ್ನು ಹೇಳುವಲ್ಲಿ ಮೂರೂ ಸಲ ಆ ನಾಯಿಯೂ ಲೆಕ್ಕಕ್ಕೆ ಬರುತ್ತದೆ. ತುರ್ಕಿಯ ಕಂಗಾಲ್, ಮೊರೊಕ್ಕೊದ ಐದಿ ನಾಯಿಗಳನ್ನು ಮಂದೆಗೆ ಸಾಕಿಕೊಂಡು ಬಂದವರು ಮುಸ್ಲಿಮ್ ಕುರಿಗಾಹಿಗಳೇ.

ಸಾಕುವುದು ಬೇರೆ, ಪ್ರಾಣ ಉಳಿಸುವುದು ಬೇರೆ. ಬಾಯಾರಿ ಹಸಿಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನಿಗೆ ಕ್ಷಮೆ ಸಿಕ್ಕಿತು. ಅದು ಮಂದೆಯ ನಾಯಿಯೋ ಬೀದಿಯದೋ ಎಂದು ಅಲ್ಲಿ ಯಾರೂ ಕೇಳಿಲ್ಲ. ಮಕ್ಕಾ ವಿಜಯದ ದಾರಿಯಲ್ಲಿ ಮರಿಗಳಿಗೆ ಹಾಲೂಡುತ್ತಿದ್ದ ನಾಯಿಯ ಮೇಲೆ ಸೈನ್ಯದ ಯಾರೂ ತುಳಿಯದಂತೆ ಪ್ರವಾದಿ(ಸ)ಯವರು ಜುಐಲ್ ಬಿನ್ ಸುರಾಕಾರನ್ನು ಕಾವಲಿಗೆ ನಿಲ್ಲಿಸಿದರೆಂದು ಇತಿಹಾಸಕಾರ ವಾಕಿದಿ ಬರೆದಿದ್ದಾರೆ. ಇದು ಬುಖಾರಿಯ ದರ್ಜೆಯ ವರದಿಯಲ್ಲ, ಆದರೂ ಉಲಮಾಗಳು ಇದನ್ನು ಉಲ್ಲೇಖಿಸುತ್ತಾ ಬಂದಿದ್ದಾರೆ.

ಇನ್ನು ಸಫ್‌ನ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರು ಹನಫಿಗಳು. ಹನಫಿ ಮಝ್‌ಹಬ್‌ನ ಬಲವಾದ ಅಭಿಪ್ರಾಯದಂತೆ ನಾಯಿಯ ಜೊಲ್ಲು ನಾಪಾಕ್, ಮೈ ಅಲ್ಲ. ಮೈ ತಾಗಿದ ಮಾತ್ರಕ್ಕೆ ಬಟ್ಟೆ ಕೆಡುವುದಿಲ್ಲ, ವುಝೂ ಮುರಿಯುವುದಿಲ್ಲ. ಜೊಲ್ಲು ತಗುಲಿದರೆ ಆ ಜಾಗ ತೊಳೆದರಾಯಿತು. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಮೂರು ಬಾರಿ ತೊಳೆಯಬೇಕು, ಏಳು ಬಾರಿ ತೊಳೆದರೆ ಉತ್ತಮ. ಕರಾವಳಿಯ ಶಾಫಿಈ ಬಂಧುಗಳಲ್ಲಿ ನಿಯಮ ಬಿಗಿ: ಹಸಿ ತಾಗಿದರೆ ಏಳು ಬಾರಿ, ಅದರಲ್ಲೊಮ್ಮೆ ಮಣ್ಣು ಬೆರೆಸಿ. ಮಾಲಿಕಿಗಳಲ್ಲಿ ಜೀವಂತ ನಾಯಿಯೇ ಪಾಕ್. ಮೂರು ಮಝ್‌ಹಬ್‌ಗಳಲ್ಲೂ ತೊಳೆಯುವ ಮಾತಿದೆ, ತೊಳೆದವನನ್ನು ದೂರ ಇಡುವ ಮಾತಿಲ್ಲ. ಹುಡುಗರಿಗೆ ನಾನು ಹೇಳಿದ್ದು ಇಷ್ಟೇ: ಈ ಕೆಲಸಕ್ಕೆ ಒಂದು ಜೊತೆ ಹಳೇ ಬಟ್ಟೆ ಬೇರೆ ಇಡಿ, ನಮಾಝ್‌ಗೆ ಅದನ್ನು ಬದಲಿಸಿ ಬನ್ನಿ. ನಾಯಿಯನ್ನು ಮನೆಯೊಳಗೆ ತರಬೇಡಿ, ನಾಯಿ ಇರುವ ಮನೆಗೆ ರಹ್ಮತ್‌ನ ಮಲಕ್‌ಗಳು ಬರುವುದಿಲ್ಲವೆಂಬ ಹದೀಸ್ ಇದೆ. ಹಿತ್ತಿಲ ಶೆಡ್ಡು ಸಾಕು.

ಯಾರಿಗೆ ಕೊಡಬೇಕು ಎಂಬುದಕ್ಕೂ ಮೇಲಿನ ಹದೀಸೇ ದಾರಿ. ಕುರಿ ಇರುವವರಿಗೆ, ತೋಟ ಇರುವವರಿಗೆ ಕೊಡಿ. ಫೋಟೊ ತೆಗೆಸಿಕೊಳ್ಳಲು ಕೇಳುವವರಿಗೆ ಬೇಡ. ಕೊಡುವ ಮೊದಲು ಜಾಗ ನೋಡಿ ಬನ್ನಿ, ತಿಂಗಳ ನಂತರ ಮತ್ತೊಮ್ಮೆ ಹೋಗಿ ಬನ್ನಿ. ಬೆಲೆ ಕಟ್ಟಬೇಡಿ. ನಾಯಿಯ ಬೆಲೆಯನ್ನು ನಿಷೇಧಿಸುವ ಹದೀಸ್ ಇದೆ. ಉಪಯೋಗದ ನಾಯಿಯ ಮಾರಾಟಕ್ಕೆ ಹನಫಿ ಫಿಕ್‌ಹ್ ಅನುಮತಿ ಕೊಟ್ಟರೂ, ಉಚಿತವಾಗಿ ಕೊಟ್ಟರೆ ಭಿನ್ನಾಭಿಪ್ರಾಯಕ್ಕೇ ಎಡೆಯಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಹರಾಮ್ ಅಲ್ಲವೇ ಎಂದೂ ಕೇಳಿದ್ದಾರೆ. ಪ್ರಯೋಜನಕ್ಕಾಗಿ ಪ್ರಾಣಿಗಳ ಬೀಜ ಒಡೆಸುವುದರಲ್ಲಿ ದೋಷವಿಲ್ಲವೆಂದು ಹಿದಾಯಾ ಗ್ರಂಥ ಹೇಳುತ್ತದೆ.

ಕಾನೂನೂ ಗೊತ್ತಿರಲಿ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ, ಒಂದು ಪ್ಲೇಟ್ ಬಿರಿಯಾನಿಯೂ ಬರುವುದಿಲ್ಲ! ಬೀದಿಯಲ್ಲೇ ಹುಟ್ಟಿ ಬೆಳೆದ ನಾಯಿಗಳ ಲೆಕ್ಕ ಬೇರೆ. 2023ರ ನಿಯಮಗಳಂತೆ ಅವುಗಳಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಸಾಮಾನ್ಯವಾಗಿ ಅದೇ ಜಾಗಕ್ಕೆ ಬಿಡಬೇಕು. ಹಿಡಿದು ಪಕ್ಕದ ಊರಿಗೆ ಸಾಗಿಸುವುದು ಸೇವೆಯಲ್ಲ.

ತಾಯಂದಿರ ಭಯ ರೇಬೀಸ್‌ನದು, ಅದು ಸರಿಯಾದ ಭಯ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕುವವರಿಲ್ಲವೆಂದೇ ಹೇಳಬೇಕು. ತಂದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ ಲಸಿಕೆ ಹಾಕಿಸಬೇಕು, ಅಲ್ಲಿಯವರೆಗೆ ಮಕ್ಕಳನ್ನು ಹತ್ತಿರ ಬಿಡಬಾರದು. ಕಚ್ಚಿದರೆ, ಪರಚಿದರೂ ಸಹ, ಅರಿಶಿನ, ಸುಣ್ಣ ಮೆತ್ತಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಮ್ ಮಾಡಿಸುವುದಿದ್ದರೆ ಇಂಜೆಕ್ಷನ್ ಆದ ಮೇಲೆ ಬನ್ನಿ, ನಾನು ಇಲ್ಲೇ ಇರುತ್ತೇನೆ.

ತೋಟಕ್ಕೋ ಮಂದೆಗೋ ನಾಯಿ ಬೇಕಿದ್ದವರು ಅಸರ್ ನಮಾಝ್‌ನ ನಂತರ ಹುಡುಗರಿಗೆ ಹೆಸರು ಕೊಡಬಹುದು. ಬಕ್ರೀದ್‌ಗೆ ಉಳಿಯುವ ಮೂಳೆ, ಚೂರುಗಳನ್ನು ಚರಂಡಿಗೆ ಎಸೆಯದೆ ಅವರಿಗೇ ತಲುಪಿಸಿ. ಬೇಯಿಸಿದ ಮೂಳೆ ಸೀಳಿ ನಾಯಿಯ ಗಂಟಲಿಗೆ ಚುಚ್ಚುತ್ತದೆ, ಅದನ್ನು ಬೇರೆ ಮಾಡಿಡಿ.