ವೃದ್ಧಾಶ್ರಮದ ಮುಚ್ಚಿದ ಬಾಗಿಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಿರಿಯರು ಪ್ಲೇಗಿನ ಕಥೆಗಳನ್ನು ಹೇಳುತ್ತಿದ್ದರು. 1898ರ ಸುಮಾರಿಗೆ ಆ ರೋಗವು ಹುಬ್ಬಳ್ಳಿಯನ್ನು ಹೊಕ್ಕು ಧಾರವಾಡ ಜಿಲ್ಲೆಯನ್ನು ನಡುಗಿಸಿತು. ಗದಗ-ಬೆಟಗೇರಿಗಳು ಆಗ ಆ ಜಿಲ್ಲೆಯಲ್ಲಿಯೇ ಇದ್ದವು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆದರೆ ಆ ಗುಡಿಸಲಿನಲ್ಲಿ ಅಜ್ಜ, ಮಗ, ಮೊಮ್ಮಗ ಎಲ್ಲರೂ ಕೂಡಿಯೇ ಇದ್ದರೆಂಬದನ್ನು ವಾಚಕರು ಗಮನಿಸಬೇಕು.

ಕೋವಿಡ್ ರೋಗದ ರೀತಿಯೇ ಬೇರೆ. 2020ರ ಮಾರ್ಚಿನಲ್ಲಿ ಭಾರತದ ಮೊದಲನೆಯ ಕೋವಿಡ್ ಮರಣವು ನಮ್ಮ ಕಲಬುರ್ಗಿಯಲ್ಲಿಯೇ ಸಂಭವಿಸಿತು; ಮೃತರ ವಯಸ್ಸು 76. ಅದೇ ತಿಂಗಳ 25ರಿಂದ ದೇಶಕ್ಕೆ ದೇಶವೇ ಸ್ತಬ್ಧವಾಯಿತು. ವೃದ್ಧಾಶ್ರಮಗಳು ಬಾಗಿಲು ಹಾಕಿಕೊಂಡವು. ಹಾಕಿಕೊಂಡದ್ದು ತಪ್ಪೆಂದು ನಾನು ಹೇಳಲಾರೆನು. ಪ್ರಾಣರಕ್ಷಣೆಗೆ ಅದು ಅವಶ್ಯವಿತ್ತು. ಆದರೆ ಒಳಗಿದ್ದವರ ದಿನವು ಸಾಗುವದು ಹೇಗೆ?

ನಾನು ಆಗ ಇನ್ನೂ ಶಾಲೆಯಲ್ಲಿದ್ದೆನು. ನಮ್ಮೂರ ಒಂದು ವೃದ್ಧಾಶ್ರಮಕ್ಕೆ ವಾರಕ್ಕೊಮ್ಮೆ ಹೋಗಿ ಕುಮಾರವ್ಯಾಸ ಭಾರತವನ್ನು ಓದಿ ಅರ್ಥ ಹೇಳುವ ರೂಢಿಯಿತ್ತು. ಕರ್ಣಪರ್ವದ ನಡುವೆ ಓದು ನಿಂತಿತು. ಕೆಲವು ದಿನಗಳಾದ ಮೇಲೆ ಅಲ್ಲಿಯ ಸೇವಕಿಯು ತನ್ನ ಮೊಬೈಲನ್ನು ಪಡಸಾಲೆಯ ನಡುವೆ ಇಟ್ಟು, ದಿನಾಲು ಸಂಜೆ ಐದಕ್ಕೆ ಮಾತಾಡಿರೆಂದು ನನ್ನನ್ನು ಕೇಳಿಕೊಂಡಳು. ನಾನು ಮಾಸ್ತರನಷ್ಟೆ, ಉಪದೇಶಕ್ಕೇ ತೊಡಗಿದೆನು. ಮೂರನೆಯ ದಿನ ಒಬ್ಬ ಅಜ್ಜಿಯು ನಡುವೆಯೇ, “ನಮ್ಮ ಮಾತೂ ಒಂದೀಟ ಕೇಳ್ರಿ, ಮಾಸ್ತರ” ಅಂದಳು.

ನಾಚಿಕೆಯಾಯಿತು. ಸಂಸ್ಕೃತದಲ್ಲಿ ಶುಶ್ರೂಷೆ ಎಂಬ ಶಬ್ದದ ಮೂಲಾರ್ಥವು ‘ಕೇಳುವ ಇಚ್ಛೆ’ ಎಂದಿರುವದು; ಸೇವೆಯೆಂಬ ಅರ್ಥವು ತರುವಾಯ ಬಂದದ್ದು. ಎಷ್ಟೋ ವರ್ಷ ಇದನ್ನು ಹುಡುಗರಿಗೆ ಕಲಿಸಿದವನಿಗೇ ಅದು ಮರೆತಿತ್ತು! ಅಂದಿನಿಂದ ಪುಸ್ತಕವನ್ನು ಬದಿಗಿಟ್ಟೆನು. ಅವರು ಹೇಳುವರು, ನಾನು ಕೇಳುವೆನು.

ಮಾತು ಬೇಡಿದ ಆ ಅಜ್ಜಿಯು ನೇಕಾರರ ಮನೆಯವಳು. ಬೆಟಗೇರಿಯ ನೇಕಾರರ ಮನೆಗಳಲ್ಲಿ ಮುದುಕರು ಸುಮ್ಮನೆ ಕೂಡ್ರುವ ಪದ್ಧತಿಯಿಲ್ಲ. ಮಗ್ಗಕ್ಕೆ ಕೂಡ್ರಲಾಗದವರು ಕಂಡಿಕೆ ಸುತ್ತುವರು. ಆಕೆ ಬೇಡಿದ್ದು ಹಣ್ಣನ್ನಲ್ಲ, ಹೊಸ ಸೀರೆಯನ್ನಲ್ಲ, ನೂಲನ್ನು. ಓಣಿಯ ನೇಕಾರನೊಬ್ಬನು ರಾಟಿಯನ್ನೂ ನೂಲನ್ನೂ ಕಳಿಸಿದನು. ಸೋಂಕಿನ ಭಯದಿಂದ ಗಂಟನ್ನು ಮೂರು ದಿನ ಹೊರಗಿಟ್ಟು ಒಳಗೊಯ್ದರು. ಸುತ್ತಿದ ಕಂಡಿಕೆಗಳನ್ನು ಆತನು ಮಗ್ಗಕ್ಕೆ ಒಯ್ದು ಕೂಲಿ ಕೊಟ್ಟನು. ಆ ಕೂಲಿಯ ರೂಪಾಯಿಗಳ ಎಣಿಕೆಯನ್ನು ನನಗೆ ದಿನಾಲು ಒಪ್ಪಿಸುತ್ತಿದ್ದಳು. ಆಕೆಯನ್ನು ನೋಡಿ ಉಳಿದವರು ಬತ್ತಿ ಹೊಸೆಯುವದು, ಬೇಳೆ ಹಸನು ಮಾಡುವದು ಮೊದಲಾದ ಕೆಲಸ ಹಿಡಿದರು. ದೂರದರ್ಶನದಲ್ಲಿ ಮಾರ್ಚ್ 28ರಿಂದ ಹಳೆಯ ರಾಮಾಯಣ ಮರಳಿ ಬಂದಿತ್ತು. ಅದರ ಹಿಂದಿ ಯಾರಿಗೂ ತಿಳಿಯದು. ಕಥೆ ತಿಳಿದಿದ್ದರಿಂದ ಅದು ಅಡ್ಡಿಯಾಗಲಿಲ್ಲ.

ಇನ್ನೊಬ್ಬ ಅಜ್ಜನ ಮಗನು ಪುಣೆಯಲ್ಲಿ. ಬಿಡುವಾದಾಗ ಫೋನು ಮಾಡುತ್ತಿದ್ದನು, ಒಮ್ಮೆ ಮುಂಜಾನೆ, ಒಮ್ಮೆ ರಾತ್ರಿ. ಅದು ಯಾವಾಗ ಬರುವದೋ ಎಂದು ಅಜ್ಜನು ಸ್ನಾನಕ್ಕೂ ಏಳದೆ ಕೂತಿರುವನು. ಸೇವಕಿಯು ಮಗನಿಗೆ ಹೇಳಿ ನಾಲ್ಕು ಗಂಟೆಯನ್ನು ಗೊತ್ತುಮಾಡಿಸಿದಳು. ಎರಡೇ ನಿಮಿಷವಾದರೂ ಸರಿ, ವೇಳೆ ತಪ್ಪಬಾರದು. ಕಿವಿ ಮಂದವಾದವರು ತುಟಿ ನೋಡಿ ಮಾತು ತಿಳಿಯುವರು. ಮುಖಗವಸು ಆ ದಾರಿಯನ್ನೂ ಮುಚ್ಚಿತ್ತು. ಆದಕಾರಣ ಮಗನು ಬೆಳಕಿಗೆ ಮುಖಮಾಡಿ ಕೂತು ವಿಡಿಯೋದಲ್ಲಿ ಸಾವಕಾಶವಾಗಿ ಮಾತಾಡಬೇಕೆಂದೂ ತಿಳಿಸಿದಳು. ಅಂದಿನಿಂದ ಅಜ್ಜನು ಮೂರೂವರೆಯ ವರೆಗೆ ನಿಶ್ಚಿಂತನು. 2021ರ ಎರಡನೆಯ ಅಲೆಯಲ್ಲಿ ಆತನು ತೀರಿಕೊಂಡನು, ಮಗನಿಗೆ ಬರಲಾಗಲಿಲ್ಲ. ಹಿಂದಿನ ದಿನದ ನಾಲ್ಕು ಗಂಟೆಯ ಮಾತು ಮಾತ್ರ ತಪ್ಪಿರಲಿಲ್ಲ.

2022ರಲ್ಲಿ ನಾನು ಮತ್ತೆ ಆ ಹೊಸ್ತಿಲು ದಾಟಿದೆನು. ಕಂಡಿಕೆಯ ಅಜ್ಜಿಗೆ ಕಣ್ಣು ಮಂಜಾಗಿತ್ತು. ಮುಖ ನೋಡಿ ಗುರುತು ಹಿಡಿಯಲಿಲ್ಲ. ಆರಾಮ ಇದ್ದೀರಾ ಎಂದು ನಾನು ಕೇಳಿದ ಕೂಡಲೆ ರಾಟಿಯ ಮೇಲಿನ ಕೈ ನಿಲ್ಲಿಸಿ, “ಬಂದ್ರಿ, ಮಾಸ್ತರ? ಕರ್ಣನ ಕಥಿ ಅರ್ಧಕ್ಕ ನಿಂತೈತಿ, ಓದ್ರಿ” ಅಂದಳು.